ಕಂಟ್ರೋಲರ್ ಕೊಳ್ಳುವ ಮುನ್ನ...

ಬಾರಾಮತಿಯ ಕನ್ನಡ ಮಿತ್ರರೇ, ಗಣೇಶೋತ್ಸವಕ್ಕೆ, ಮದುವೆಗೆ ಡಿಜೆ ಆಗುವ ಆಸೆಯೇ? ಕೂಡಿಟ್ಟ ದುಡ್ಡು ಸುರಿಯುವ ಮುನ್ನ ಕೇಳಿ: ಮಿಡಿ ಕಂಟ್ರೋಲರ್‌ಗೆ ಸ್ವಂತ ದನಿಯಿಲ್ಲ. ಯಾವ ಕೀ, ಎಷ್ಟು ಜೋರಾಗಿ ಒತ್ತಿದಿರಿ ಎಂದಷ್ಟೇ ಅದು ಕಂಪ್ಯೂಟರಿಗೆ ಹೇಳುತ್ತದೆ; ಹಾಡುವುದು ಸಾಫ್ಟ್‌ವೇರ್.

ಡಿಜೆಗಳು ಮಿನುಗುವ ದೀಪಕ್ಕೆ ಮರುಳಾಗದೆ, ಒಳಗೆ ಸೌಂಡ್ ಕಾರ್ಡ್ ಇದೆಯೇ ನೋಡಿ. ಇದ್ದರೆ ಸ್ಪೀಕರಿನಲ್ಲಿ ಒಂದು ಹಾಡು ಓಡುತ್ತಿರುವಾಗಲೇ ಮುಂದಿನದನ್ನು ಹೆಡ್‌ಫೋನಿನಲ್ಲಿ ಕೇಳಿ ಹೊಂದಿಸಬಹುದು. ಪಯೋನೀರ್ ಡಿಡಿಜೆ-ಎಫ್‌ಎಲ್‌ಎಕ್ಸ್4ರಲ್ಲಿ ಇದೆ. ಅದಕ್ಕಿಂತ ಅಗ್ಗದ ನ್ಯೂಮಾರ್ಕ್ ಡಿಜೆ2ಗೋ2 ಟಚ್‌ನಲ್ಲೂ ಇದೆ.

ಮನೆಯಲ್ಲೇ ಟ್ಯೂನ್ ಕಟ್ಟುವವರಿಗೆ 25 ಕೀಗಳ ಅಕಾಯ್ ಎಂಪಿಕೆ ಮಿನಿ ಸಾಕು. ಹಾರ್ಮೋನಿಯಂ ರೂಢಿಯಿದ್ದವರಿಗೆ ಮಾತ್ರ ಆ ಪುಟ್ಟ ಕೀಗಳು ಕಿರಿಕಿರಿ, ಅದೂ ಎರಡೇ ಸಪ್ತಕ! ಅಂಥವರು 49 ಕೀಗಳದ್ದನ್ನೇ ನೋಡಿ.

ಸೆಕೆಂಡ್ ಹ್ಯಾಂಡ್ ಹುಡುಕಿ ಪುಣೆಗೆ ಹೊರಟಿರಾದರೆ ಲ್ಯಾಪ್‌ಟಾಪ್ ಜೊತೆಗಿರಲಿ. ಪ್ರತಿ ಕೀ, ಪ್ರತಿ ಫೇಡರ್ ಪರೀಕ್ಷಿಸಿದ ಮೇಲೆಯೇ ದುಡ್ಡು ಕೊಡಿ.