ಆಟದ ಸಾಮಾನೂ ವಿಜ್ಞಾನದ ಪಾಠವೂ

ವಿಜ್ಞಾನವನ್ನು ಹುಡುಗರಿಗೆ ರುಚಿಯಾಗುವಂತೆ ಕಲಿಸಬೇಕೆಂಬ ವಿಷಯದಲ್ಲಿ ಈಗ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆ ರುಚಿಯೆಂಬುದು ಎಲ್ಲಿಂದ ಬರತಕ್ಕದ್ದು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಆಲೋಚಿಸಿದಂತೆ ಕಾಣುವುದಿಲ್ಲ. ಅನೇಕ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ವಿಜ್ಞಾನ ಪ್ರದರ್ಶನಗಳು ನಡೆಯುತ್ತವೆ. ಥರ್ಮೋಕೋಲಿನ ಜ್ವಾಲಾಮುಖಿಗಳೂ ಬಣ್ಣದ ಕಾಗದದ ಗ್ರಹಮಂಡಲಗಳೂ ಮೇಜುಗಳ ಮೇಲೆ ಸಾಲಾಗಿ ಕುಳಿತಿರುತ್ತವೆ. ಪಕ್ಕದಲ್ಲಿ ನಿಂತ ಬಾಲಕನು ಬಾಯಿಪಾಠ ಮಾಡಿಕೊಂಡು ಬಂದ ನಾಲ್ಕು ವಾಕ್ಯಗಳನ್ನು ಒಪ್ಪಿಸುತ್ತಾನೆ; ನಡುವೆ ತಡೆದು ಏನಾದರೊಂದು ಕೇಳಿದೆವಾದರೆ ಪುನಃ ಮೊದಲನೆಯ ವಾಕ್ಯದಿಂದ ಆರಂಭಿಸುತ್ತಾನೆ. ಆ ಜ್ವಾಲಾಮುಖಿಯನ್ನು ಹಿಂದಿನ ರಾತ್ರಿ ನಿದ್ದೆಗೆಟ್ಟು ಕಟ್ಟಿದವರು ಅವನ ತಾಯಿತಂದೆಗಳು ಎಂಬುದು ನೋಡುವವರಿಗೆಲ್ಲ ತಿಳಿದೇ ಇರುತ್ತದೆ. ಅವರಾದರೂ ಅದರಿಂದ ಏನನ್ನಾದರೂ ಕಲಿತಿದ್ದರೆ ಸಂತೋಷವೇ.

ಇಂಥ ಕೆಲಸದಲ್ಲಿ ಬಣ್ಣವುಂಟು, ಸಡಗರವುಂಟು, ಪ್ರಶ್ನೆಯೊಂದಿಲ್ಲ. ಹುಡುಗನು ತನ್ನ ಕೈಯಿಂದಲೇ ಮಾಡಿದ ಪದಾರ್ಥವು ಎಲ್ಲಿಯಾದರೂ ಒಂದು ಕಡೆ ಅವನ ಮಾತನ್ನು ಕೇಳದೆ ಹಟ ಹಿಡಿಯಬೇಕು. ಏಕೆ ಹೀಗಾಯಿತೆಂದು ಅವನು ಅದನ್ನೇ ತಿರುವಿ ಮುರುವಿ ನೋಡಬೇಕು. ಉತ್ತರವೂ ಅದರಲ್ಲಿಯೇ ಅವನಿಗೆ ದೊರಕಬೇಕು. ರುಚಿ ಹುಟ್ಟುವುದು ಅಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಇದನ್ನು ಬರಿಯ ಮಾತಿನಲ್ಲಿ ಹೇಳುವುದಕ್ಕಿಂತ ಒಂದೆರಡು ಉದಾಹರಣೆಗಳಿಂದ ತೋರಿಸುವುದು ಮೇಲು.

ಒಂದು ಬೆಂಕಿಪೆಟ್ಟಿಗೆಯನ್ನೂ, ಸೈಕಲ್ ಅಂಗಡಿಯಲ್ಲಿ ದೊರೆಯುವ ಸಣ್ಣ ರಬ್ಬರಿನ ವಾಲ್ವ್ ಟ್ಯೂಬನ್ನೂ ತಂದುಕೊಳ್ಳೋಣ. ಕಡ್ಡಿಗಳ ತಲೆಯ ಮದ್ದನ್ನು ಹಿರಿಯರಾರಾದರೂ ಕೆರೆದು ತೆಗೆಯಲಿ. ಟ್ಯೂಬನ್ನು ಒಂದೂವರೆ ಸೆಂಟಿಮೀಟರಿನಷ್ಟು ಉದ್ದದ ತುಂಡುಗಳಾಗಿ ಕತ್ತರಿಸಿದರೆ, ಒಂದೊಂದು ತುಂಡಿನ ಎರಡು ಬಾಯಿಗಳಲ್ಲಿಯೂ ಒಂದೊಂದು ಕಡ್ಡಿ ಬಿಗಿಯಾಗಿ ಕೂಡುತ್ತದೆ. ಅಲ್ಲಿಗೆ ಎಲ್ಲಿ ಬೇಕಾದರಲ್ಲಿ ಬಾಗುವ ಒಂದು ಕೀಲು ಸಿದ್ಧವಾಯಿತು. ಮೂರು ಕಡ್ಡಿ, ಮೂರು ಕೀಲುಗಳಿಂದ ತ್ರಿಕೋಣವಾಗುತ್ತದೆ, ನಾಲ್ಕರಿಂದ ಚೌಕ, ಐದರಿಂದ ಪಂಚಕೋನ.

ಈಗ ಹುಡುಗನು ಇವನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತುತ್ತಾನೆ. ಚೌಕವು ಓರೆಯಾಗಿ ವಾಲಿ ವಜ್ರಾಕೃತಿಯಾಗುತ್ತದೆ. ಪಂಚಕೋನವು ಒಮ್ಮೆ ಮನೆಯಂತೆ, ಒಮ್ಮೆ ದೋಣಿಯಂತೆ ಆಗುತ್ತದೆ. ತ್ರಿಕೋಣ ಮಾತ್ರ ಕದಲುವುದಿಲ್ಲ. ಕೀಲುಗಳೇನೋ ಅದೇ ರಬ್ಬರು, ಕಡ್ಡಿಗಳೂ ಅವೇ. ಹಾಗಿದ್ದೂ ಇದೊಂದು ಏಕೆ ಗಟ್ಟಿ? ಭುಜಗಳ ಉದ್ದ ಗೊತ್ತಾದರೆ ತ್ರಿಕೋಣದ ಆಕಾರವೇ ಗೊತ್ತಾಗಿಹೋಗುತ್ತದೆ, ಚೌಕಕ್ಕೆ ಹಾಗಲ್ಲ ಎಂಬುದು ರೇಖಾಗಣಿತದ ಪುಸ್ತಕದಲ್ಲಿ ಎಂದಿನಿಂದಲೂ ಇದ್ದದ್ದೇ. ಆದರೆ ಅದನ್ನು ಓದಿದವನ ತಿಳಿವಳಿಕೆಯೇ ಬೇರೆ, ಬೆರಳಿನಲ್ಲಿ ಕಂಡವನ ತಿಳಿವಳಿಕೆಯೇ ಬೇರೆ. ಕಂಡವನು ಆಮೇಲೆ ಹೆಂಚಿನ ಮನೆಯ ಮಾಡನ್ನು ತಲೆಯೆತ್ತಿ ನೋಡಿದಾಗಲೂ, ಉಕ್ಕಿನ ರೈಲ್ವೆ ಸೇತುವೆಯ ಪಕ್ಕೆಯನ್ನು ನೋಡಿದಾಗಲೂ, ಹೊಲಗಳ ನಡುವೆ ವಿದ್ಯುತ್ತಂತಿಗಳನ್ನು ಹೊತ್ತು ನಿಂತ ಗೋಪುರವನ್ನು ನೋಡಿದಾಗಲೂ ಅಲ್ಲೆಲ್ಲ ತನ್ನ ಮೂರು ಕಡ್ಡಿಗಳನ್ನೇ ಕಾಣುತ್ತಾನೆ.

ಆಟ ಇಷ್ಟಕ್ಕೇ ನಿಲ್ಲುವುದಿಲ್ಲ. ಕೀಲಿನ ನಡುವೆ ಸೂಜಿಯಿಂದ ಒಂದು ತೂತು ಮಾಡಿದರೆ ಅದರಲ್ಲಿ ಮೂರನೆಯ ಕಡ್ಡಿಯನ್ನೂ ಸೇರಿಸಬಹುದು. ಆಗ ಆಕೃತಿಗಳು ನೆಲವನ್ನು ಬಿಟ್ಟು ಮೇಲಕ್ಕೇಳುತ್ತವೆ. ಆರು ಕಡ್ಡಿ, ನಾಲ್ಕು ಕೀಲುಗಳಿಂದಾದ ಚತುರ್ಮುಖಿ, ಎಂದರೆ ನಾಲ್ಕು ತ್ರಿಕೋಣಗಳ ಗೋಪುರ, ಕಲ್ಲಿನಂತೆ ನಿಲ್ಲುತ್ತದೆ. ಹನ್ನೆರಡು ಕಡ್ಡಿ, ಎಂಟು ಕೀಲುಗಳಿಂದ ಘನಾಕೃತಿಯೊಂದನ್ನು ಬಹು ಉತ್ಸಾಹದಿಂದ ಕಟ್ಟಿ ಮೇಜಿನ ಮೇಲಿಟ್ಟು ಕೈಬಿಟ್ಟರೆ, ಅದು ದಣಿದ ಎತ್ತಿನಂತೆ ಒಂದು ಮಗ್ಗುಲಿಗೆ ಕುಸಿದುಬಿಡುತ್ತದೆ. ಇಷ್ಟು ಹೊತ್ತಿಗೆ ಹುಡುಗನಿಗೆ ಉಪಾಯ ಗೊತ್ತಾಗಿರುವುದು: ಪ್ರತಿಯೊಂದು ಮುಖಕ್ಕೂ ಓರೆಯಾಗಿ ಒಂದು ಕಡ್ಡಿಯನ್ನು ಕೊಟ್ಟು ಚೌಕವನ್ನು ಎರಡು ತ್ರಿಕೋಣಗಳನ್ನಾಗಿ ಮಾಡಬೇಕು. ಕಡ್ಡಿಯನ್ನು ಹಿಡಿದು ನೋಡುತ್ತಾನೆ, ಅದು ಸಾಲದು! ನಾಲ್ಕು ಸೆಂಟಿಮೀಟರಿನ ಚೌಕಕ್ಕೆ ಮೂಲೆಯಿಂದ ಮೂಲೆಗೆ ಐದೂವರೆಗಿಂತಲೂ ತುಸು ಹೆಚ್ಚು ಬೇಕಾಗುತ್ತದೆ. ಎಷ್ಟು ಹೆಚ್ಚು? ಚೌಕವನ್ನು ದೊಡ್ಡದು ಮಾಡಿದರೂ ಅದೇ ಪ್ರಮಾಣವೇ? ಎರಡರ ವರ್ಗಮೂಲವು ಅವನನ್ನು ಭೇಟಿಯಾಗಲು ಬಂದದ್ದು ಹೀಗೆ. ಮೇಷ್ಟರು ಅದನ್ನು ಕರೆತರಲಿಲ್ಲ. ಊದುಬತ್ತಿಯ ಕಡ್ಡಿಗಳನ್ನು ಅಳತೆಗೆ ಮುರಿದು ಆರು ಮುಖಗಳಿಗೂ ಒಂದೊಂದು ಕೊಟ್ಟ ಮೇಲೆ ಆ ಘನಾಕೃತಿ ನೆಟ್ಟಗೆ ನಿಲ್ಲುತ್ತದೆ. ಐದೇ ಕೊಟ್ಟರೆ ಎಲ್ಲೋ ಒಂದು ಕಡೆ ಅಲುಗಾಡುತ್ತದೆ. ಆರು ಏಕೆ ಬೇಕೆಂಬ ಲೆಕ್ಕವನ್ನು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಮಾಡುತ್ತಾರೆ. ಕೀಲುಗಳ ಸಂಖ್ಯೆಯನ್ನು ಮೂರರಿಂದ ಗುಣಿಸಿ ಆರನ್ನು ಕಳೆದರೆ ಎಷ್ಟಾಗುವುದೋ ಕಡಮೆಯೆಂದರೆ ಅಷ್ಟು ಕಡ್ಡಿಗಳು ಬೇಕು. ಎಂಟು ಕೀಲುಗಳಿಗೆ ಹದಿನೆಂಟು. ಹನ್ನೆರಡು ಮೊದಲೇ ಇದ್ದುವು, ಆರು ಸೇರಿದುವು. ಕೇಳುಗರು ಇದೇ ಲೆಕ್ಕವನ್ನು ಚತುರ್ಮುಖಿಗೆ ಹಾಕಿ ನೋಡಬಹುದು.

ಈ ಕಡ್ಡಿಯಾಟವನ್ನು ರೂಪಿಸಿದವರು ಅರವಿಂದ ಗುಪ್ತ ಎಂಬವರು. ಅವರು ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಇಂಜಿನಿಯರು. ಪುಣೆಯಲ್ಲಿ ಲಾರಿಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾಗ, 1978ರಲ್ಲಿ, ಒಂದು ವರ್ಷದ ರಜೆ ಪಡೆದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿಶಾಲೆಗಳಿಗೆ ಹೋದರು. (2022ರಿಂದ ಆ ಜಿಲ್ಲೆಗೆ ನರ್ಮದಾಪುರಂ ಎಂದು ಹೆಸರಾಗಿದೆ.) ಲಾರಿ ಕಟ್ಟುವುದಕ್ಕಿಂತ ಆಟಿಕೆ ಕಟ್ಟುವುದೇ ಮೇಲೆಂದು ಅವರಿಗೆ ತೋರಿರಬೇಕು, ಮುಂದಿನ ಆಯುಸ್ಸನ್ನು ಅವರು ಕಸದಿಂದ ಆಟಿಕೆ ಮಾಡುವುದರಲ್ಲಿಯೇ ಕಳೆದಿದ್ದಾರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು.

ಅವರು ಹೋದ ಆ ಹೋಶಂಗಾಬಾದಿನಲ್ಲಿ ನಡೆಯುತ್ತಿದ್ದ ಕೆಲಸವನ್ನು ಸ್ವಲ್ಪ ವಿವರಿಸಬೇಕು. 1972ರಲ್ಲಿ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸರ್ಕಾರದ ಅನುಮತಿಯಿಂದ 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಹೊಸ ರೀತಿಯಲ್ಲಿ ಕಲಿಸಲು ತೊಡಗಿದುವು. 1978ರ ವೇಳೆಗೆ ಅದು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಹಬ್ಬಿತು. 1982ರಲ್ಲಿ ಏಕಲವ್ಯ ಎಂಬ ಸಂಸ್ಥೆ ಹುಟ್ಟಿ ಆ ಹೊಣೆಯನ್ನು ಹೊತ್ತಿತು. ಮಕ್ಕಳು ನಾಲ್ಕು ನಾಲ್ಕು ಮಂದಿಯಾಗಿ ಕೂಡಿ ಪ್ರಯೋಗ ಮಾಡುತ್ತಿದ್ದರು, ಹೊಲಗಳಿಗೆ ಹೋಗಿ ಎಲೆ ಬೇರು ಹುಳುಗಳನ್ನು ತರುತ್ತಿದ್ದರು. ‘ಬಾಲ ವೈಜ್ಞಾನಿಕ’ ಎಂಬ ಅವರ ಪುಸ್ತಕದಲ್ಲಿ ಪ್ರಶ್ನೆಗಳಿದ್ದುವು, ಸಿದ್ಧವಾದ ಉತ್ತರಗಳಿರಲಿಲ್ಲ. ಸವಾಲೀರಾಮ ಎಂಬ ಒಬ್ಬ ಕಲ್ಪಿತ ವ್ಯಕ್ತಿಯಿದ್ದನು. ಮಕ್ಕಳು ತಮಗೆ ತೋರಿದ ಸಂದೇಹಗಳನ್ನೆಲ್ಲ ಅವನ ಹೆಸರಿಗೆ ಕಾಗದ ಬರೆದು ಕೇಳುತ್ತಿದ್ದರು, ಉತ್ತರವೂ ಬರುತ್ತಿತ್ತು.

ಆದರೆ ನಮಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದು ಅವರ ಪರೀಕ್ಷೆಯ ಕ್ರಮ. ಪುಸ್ತಕವನ್ನೂ ತಾನು ಬರೆದಿಟ್ಟುಕೊಂಡ ಟಿಪ್ಪಣಿಗಳನ್ನೂ ಹುಡುಗನು ಪರೀಕ್ಷೆಯಲ್ಲಿ ತೆರೆದು ನೋಡಬಹುದಾಗಿತ್ತು. ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ಇದು ಸಣ್ಣ ಮಾತಲ್ಲ. ವರ್ಷವೆಲ್ಲ ಆಟಿಕೆ ಮಾಡಿಸಿ ಕೊನೆಯಲ್ಲಿ ‘ತ್ರಿಕೋಣದ ಲಕ್ಷಣವೇನು’ ಎಂದು ನೆನಪಿನ ಪರೀಕ್ಷೆ ಮಾಡಿದರೆ, ಮಕ್ಕಳು ಜಾಣರಾದುದರಿಂದ, ಆಟಿಕೆಯನ್ನು ಬಿಟ್ಟು ಲಕ್ಷಣವನ್ನು ಉರುಹೊಡೆಯುತ್ತಾರೆ. ಅವರ ತಂದೆತಾಯಿಗಳೂ ಅದನ್ನೇ ಬಯಸುತ್ತಾರೆ; ತಪ್ಪೆನ್ನಲಾರೆವು. 2002ರಲ್ಲಿ ಅಲ್ಲಿನ ಸರ್ಕಾರವು ಈ ಕಾರ್ಯಕ್ರಮವನ್ನು ನಿಲ್ಲಿಸಿತು. ಮೂವತ್ತು ವರ್ಷಗಳ ಕೆಲಸ ಒಂದು ಆಜ್ಞೆಯಿಂದ ನಿಲ್ಲಬಹುದೆಂಬುದು, ಮಕ್ಕಳ ವಿಜ್ಞಾನವನ್ನು ಕುರಿತು ಉತ್ಸಾಹದಿಂದ ಮಾತನಾಡುವವರೆಲ್ಲರೂ ತಿಳಿದಿರಬೇಕಾದ ಸಂಗತಿ.

ಇದಕ್ಕೆಲ್ಲ ಪ್ರಯೋಗಶಾಲೆ ಬೇಡವೆ, ಹಣ ಬೇಡವೆ ಎಂದು ಕೇಳುವವರುಂಟು. ಬೆಲೆಯುಳ್ಳ ಉಪಕರಣಗಳು ಇರುವ ಶಾಲೆಗಳಲ್ಲಿ ಅವು ಬಹುಮಟ್ಟಿಗೆ ಬೀಗ ಹಾಕಿದ ಬೀರುವಿನಲ್ಲಿಯೇ ಇರುತ್ತವೆ. ಒಡೆದರೆ ಉಪಾಧ್ಯಾಯರ ಸಂಬಳದಲ್ಲಿ ಮುರಿದುಕೊಂಡಾರೆಂಬ ಭಯ. ಬೆಂಕಿಕಡ್ಡಿ ಮುರಿದರೆ ಯಾರ ಗಂಟೇನು ಹೋಯಿತು? ಮುರಿಯಬಹುದಾದ ವಸ್ತುವಿನಿಂದಲೇ ಮಗು ಧೈರ್ಯವಾಗಿ ಕಲಿಯುವುದು. ಅಗ್ಗವೆಂಬುದು ಇಲ್ಲಿ ಬಡತನದ ಸಮಾಧಾನವಲ್ಲ, ಅದೇ ಒಂದು ಗುಣ.

ಎರಡನೆಯ ಉದಾಹರಣೆ ವಿದ್ಯುತ್ತಿನ ಮೋಟಾರು. ಇದೂ ಅರವಿಂದ ಗುಪ್ತರ ಪುಸ್ತಕಗಳಿಂದ ಪ್ರಸಿದ್ಧವಾದುದೇ. ಟಾರ್ಚಿಗೆ ಹಾಕುವ 1.5 ವೋಲ್ಟಿನ ದಪ್ಪ ಸೆಲ್ಲು ಒಂದು, ಪಿನ್ನುಗಳು ಎರಡು (ಬಟ್ಟೆಗೆ ಚುಚ್ಚುವ ಬಗೆಯವು), ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಅಗಲವಾದ ರಬ್ಬರ್ ಪಟ್ಟಿ ಒಂದು, ಅಯಸ್ಕಾಂತದ ತುಂಡು ಒಂದು, ಅರಗಿನ ಲೇಪವುಳ್ಳ ತಾಮ್ರದ ತಂತಿ ಒಂದು ಮೀಟರಿಗಿಂತ ತುಸು ಹೆಚ್ಚು. ತಂತಿಯನ್ನು ಸೆಲ್ಲಿನ ಮೇಲೆಯೇ ಎಂಟು ಹತ್ತು ಸಲ ಸುತ್ತಿ ತೆಗೆದರೆ ಬಳೆಯಂಥ ಸುರುಳಿಯಾಗುತ್ತದೆ. ಅದರ ಎರಡು ತುದಿಗಳೂ ಎದುರುಬದುರಾಗಿ, ಒಂದೇ ಸರಳರೇಖೆಯಲ್ಲಿ, ಅಚ್ಚಿನಂತೆ ಹೊರಚಾಚಿರಬೇಕು. ಪಿನ್ನುಗಳನ್ನು ಸೆಲ್ಲಿನ ಎರಡು ಕೊನೆಗಳಿಗೂ ರಬ್ಬರ್ ಪಟ್ಟಿಯಿಂದ ಒತ್ತಿ ನಿಲ್ಲಿಸಿ, ಅವುಗಳ ಕಣ್ಣುಗಳಲ್ಲಿ ಸುರುಳಿಯ ತುದಿಗಳನ್ನು ತೂರಿಸಿ, ಕೆಳಗೆ ಸೆಲ್ಲಿನ ಬೆನ್ನಿನ ಮೇಲೆ ಅಯಸ್ಕಾಂತವನ್ನು ಇಟ್ಟರೆ ಯಂತ್ರ ಮುಗಿಯಿತು.

ಅರಗನ್ನು ಕೆರೆಯುವುದರಲ್ಲಿದೆ ಸ್ವಾರಸ್ಯ. ಅರಗಿನ ಮೂಲಕ ವಿದ್ಯುತ್ತು ಹರಿಯದಾದುದರಿಂದ ಅದನ್ನು ತೆಗೆಯಲೇಬೇಕು. ಹುಡುಗರು ಸಾಮಾನ್ಯವಾಗಿ ಎರಡು ತುದಿಗಳನ್ನೂ ಸುತ್ತಲೂ ಶುಚಿಯಾಗಿ ಕೆರೆದುಬಿಡುತ್ತಾರೆ. ಆಗ ಸುರುಳಿಯು ಒಮ್ಮೆ ಮಿಸುಕಿ, ಅತ್ತಿತ್ತ ತೂಗಾಡಿ, ನಿಂತುಹೋಗುತ್ತದೆ. ಕಾರಣವಿಷ್ಟೆ: ವಿದ್ಯುತ್ತು ಹರಿದಾಗ ಸುರುಳಿಯೂ ಒಂದು ಅಯಸ್ಕಾಂತವಾಗುತ್ತದೆ, ಕೆಳಗಿನ ಅಯಸ್ಕಾಂತವು ಅದನ್ನು ಅರ್ಧ ಸುತ್ತಿನವರೆಗೆ ಮುಂದಕ್ಕೆ ತಿರುಗಿಸುತ್ತದೆ, ಉಳಿದ ಅರ್ಧದಲ್ಲಿಯೂ ವಿದ್ಯುತ್ತು ಹರಿಯುತ್ತಲೇ ಇದ್ದರೆ ಹಿಂದಕ್ಕೆ ಎಳೆಯುತ್ತದೆ. ಆದುದರಿಂದ ಒಂದು ತುದಿಯನ್ನು ಸುತ್ತಲೂ ಕೆರೆದು, ಇನ್ನೊಂದನ್ನು ಮೇಲಿನ ಅರ್ಧ ಮಾತ್ರ ಕೆರೆದು ಕೆಳಗಿನ ಅರ್ಧಕ್ಕೆ ಅರಗನ್ನು ಉಳಿಸಬೇಕು. ಇದನ್ನು ಮಾಡುವಾಗ ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದಿರಬೇಕು. ಅರ್ಧ ಸುತ್ತು ತಳ್ಳಿಕೆ, ಅರ್ಧ ಸುತ್ತು ಬಿಡುವು. ಬಿಡುವಿನಲ್ಲಿ ತನ್ನ ವೇಗದಿಂದಲೇ ಮುಂದೆ ಸಾಗುತ್ತದೆ. ಉಯ್ಯಾಲೆಯನ್ನು ತೂಗುವವರು ಅದು ಹಿಂದಿರುಗಿ ಬರುತ್ತಿರುವಾಗ ತಳ್ಳುತ್ತಾರೆಯೆ?

ತಿರುಗಲು ಆರಂಭಿಸಿದ ಮೇಲೆ ಮಕ್ಕಳನ್ನು ಅವರಷ್ಟಕ್ಕೆ ಬಿಡುವುದು ಒಳ್ಳೆಯದು. ಒಬ್ಬಳು ಸೆಲ್ಲನ್ನು ತಿರುಗಿಸಿ ಹಾಕಿದಳು. ಸುರುಳಿ ವಿರುದ್ಧ ದಿಕ್ಕಿಗೆ ಸುತ್ತಿತು. ಇನ್ನೊಬ್ಬನು ಅಯಸ್ಕಾಂತವನ್ನು ಮಗುಚಿಟ್ಟನು. ಪುನಃ ದಿಕ್ಕು ಬದಲಾಯಿತು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೇನಾಗುವುದೆಂದು ಉಪಾಧ್ಯಾಯರು ಮುಂದಾಗಿ ಹೇಳಿಬಿಡಬಾರದು. ಸುತ್ತುಗಳನ್ನು ಹೆಚ್ಚಿಸಿದರೆ? ಸುರುಳಿಯನ್ನು ಚೌಕವಾಗಿ ಮಾಡಿದರೆ? ‘ನನಗೂ ತಿಳಿಯದು, ಮಾಡಿ ನೋಡೋಣ’ ಎಂಬ ಮಾತು ಉಪಾಧ್ಯಾಯರ ಬಾಯಿಂದ ಬಂದರೆ ಅವರ ಗೌರವಕ್ಕೆ ಕುಂದಿಲ್ಲ.

ವಿದ್ಯುತ್ತಿನಿಂದ ಮೊತ್ತಮೊದಲು ತಂತಿಯೊಂದನ್ನು ಎಡೆಬಿಡದೆ ಸುತ್ತಿಸಿದ ಮೈಕೇಲ್ ಫ್ಯಾರಡೆ, ಕಮ್ಮಾರನ ಮಗ; ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸವನ್ನು ಕಲಿತವನು. 1821ರಲ್ಲಿ ಆ ಪ್ರಯೋಗ ಕೈಗೂಡಿದ ಮೇಲೆ ಅವನು ಲೇಖನ ಪ್ರಕಟಿಸಿ ಸುಮ್ಮನಿರಲಿಲ್ಲ. ಜೇಬಿನಲ್ಲಿಡಬಹುದಾದಷ್ಟು ಚಿಕ್ಕ ಯಂತ್ರಗಳನ್ನು ಮಾಡಿಸಿ ಇತರ ದೇಶಗಳ ವಿದ್ವಾಂಸರಿಗೆ ಕಳುಹಿಸಿದನು. ನಂಬಬೇಕಾಗಿಲ್ಲ, ತಿರುಗಿಸಿ ನೋಡಲಿ ಎಂದು. ದೊಡ್ಡ ವಿದ್ವಾಂಸರಿಗೂ ಅವನು ಕಳುಹಿಸಿದ್ದು ಆಟಿಕೆಯನ್ನೇ. ಅವನ ಯಂತ್ರದಲ್ಲಿ ಪಾದರಸವಿತ್ತು. ಅದು ವಿಷವಾದುದರಿಂದ ಮಕ್ಕಳ ಕೈಗೆ ತಕ್ಕುದಲ್ಲ. ನಾವು ಮೇಲೆ ಹೇಳಿದ ಯಂತ್ರಕ್ಕೆ ಅದರ ಅವಶ್ಯಕತೆಯೂ ಇಲ್ಲ.

ಈ ಮೋಟಾರನ್ನು ಮನೆಯಲ್ಲಿ ಮಾಡಿಸುವವರು ಕೆಲವು ಎಚ್ಚರಿಕೆಗಳನ್ನು ಗಮನದಲ್ಲಿಡಬೇಕು. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಎಂದಿಗೂ ಉಪಯೋಗಿಸಕೂಡದು. ಮೊಬೈಲ್ ಫೋನುಗಳ ಬ್ಯಾಟರಿಯೂ ಬೇಡ. ಸಾಧಾರಣವಾದ ಟಾರ್ಚ್ ಸೆಲ್ಲೇ ಸಾಕು. ಸುರುಳಿ ನಿಂತಿರುವಾಗ ಸೆಲ್ಲಿಗೆ ಸೇರಿಸಿಯೇ ಬಿಟ್ಟರೆ ತಂತಿ ಬಿಸಿಯಾಗಿ ಸೆಲ್ಲು ಬೇಗನೆ ಬರಿದಾಗುತ್ತದೆ. ಆಟ ಮುಗಿದೊಡನೆ ಸುರುಳಿಯನ್ನು ತೆಗೆದಿಡಬೇಕು. ಗುಂಡಿಯಂಥ ಚಿಕ್ಕ ಬಲವಾದ ಅಯಸ್ಕಾಂತಗಳನ್ನು ಎಳೆಯ ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ. ಹಳೆಯ ಸ್ಪೀಕರಿನಿಂದ ಬಿಚ್ಚಿದ ದೊಡ್ಡ ತುಂಡೇ ಉತ್ತಮ. ತಂತಿಯು ಮೋಟಾರ್ ರಿಪೇರಿಯ ಅಂಗಡಿಗಳಲ್ಲಿ ದೊರೆಯುತ್ತದೆ. ಸುರುಳಿ ತಿರುಗದಿದ್ದರೆ ಮೊದಲು ಅರಗು ಸರಿಯಾಗಿ ಬಿಟ್ಟಿದೆಯೇ ಎಂದು ನೋಡುವುದು. ಆಮೇಲೆ ಎರಡು ತುದಿಗಳೂ ಒಂದೇ ನೇರದಲ್ಲಿವೆಯೇ ಎಂದು. ಆಮೇಲೆ ಬೆರಳಿನಿಂದ ಒಂದು ಸಲ ಮೆಲ್ಲಗೆ ತಟ್ಟುವುದು. ಬಹುಮಟ್ಟಿಗೆ ಆ ತಟ್ಟಿಗಾಗಿಯೇ ಅದು ಕಾದಿರುತ್ತದೆ.