ಶುಲ್ಕವಿಲ್ಲದ ಖಾಸಗಿ ಶಾಲೆ: ಗುಳೆಯ ನಾಡಿನಲ್ಲೊಂದು ಪ್ರಯೋಗ

ಯಾದಗಿರಿ: ಖಾಸಗಿ ಶಾಲೆ ಎಂದೊಡನೆ ಹತ್ತಿಕುಣಿ ಹೋಬಳಿಯಂತಹ ಗ್ರಾಮೀಣ ಭಾಗದ ಪಾಲಕರ ಕಣ್ಮುಂದೆ ಬರುವುದು ಶುಲ್ಕ ಹಾಗೂ ಇಂಗ್ಲಿಷ್ ಮಾಧ್ಯಮ. ತಾಲ್ಲೂಕು ಕೇಂದ್ರವಾದ ಯಾದಗಿರಿಯಲ್ಲಿರುವ ಅಜೀಂ ಪ್ರೇಮ್‌ಜಿ ಶಾಲೆ ಈ ಕಲ್ಪನೆಗೆ ಅಪವಾದವಾಗಿದೆ. ಇಲ್ಲಿ ಶುಲ್ಕವಿಲ್ಲ, ರಾಜ್ಯ ಪಠ್ಯಕ್ರಮವಿದೆ, ನೆಲದ ಭಾಷೆಗೆ ಆದ್ಯತೆಯಿದೆ. ಸರ್ಕಾರಿ ಶಾಲೆಗೆ ತಗಲುವಷ್ಟೇ ವೆಚ್ಚದಲ್ಲಿ ಬಡ ಮಕ್ಕಳಿಗೂ ಗುಣಮಟ್ಟದ ಶಿಕ್ಷಣ ನೀಡಲು ಸಾಧ್ಯವೆಂದು ತೋರಿಸುವುದು ಇಂತಹ ಶಾಲೆಗಳ ಉದ್ದೇಶ.

ಪ್ರತಿಷ್ಠಾನಕ್ಕೆ ಈ ಪ್ರದೇಶ ಹೊಸದಲ್ಲ. 2000ದ ದಶಕದಲ್ಲಿಯೇ ಅದು ಸುರಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳನ್ನು ಮಕ್ಕಳಸ್ನೇಹಿಯಾಗಿಸುವ ಕಾರ್ಯದಲ್ಲಿ ತೊಡಗಿತ್ತು.

ಇದರ ಅಗತ್ಯವನ್ನು ಅಂಕಿಅಂಶಗಳೇ ಹೇಳುತ್ತವೆ. 2009ರ ಡಿಸೆಂಬರ್ 30ರಂದು ಗುಲ್ಬರ್ಗದಿಂದ ಬೇರ್ಪಟ್ಟ ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಂತೆ ಶೇ 51.83 ಮಾತ್ರ, ರಾಜ್ಯದ ಸರಾಸರಿ ಶೇ 75.36. ಜಿಲ್ಲೆಯ ಮಹಿಳೆಯರಲ್ಲಿ ಅದು ಶೇ 41ರ ಆಸುಪಾಸಿನಲ್ಲಿತ್ತು.

ಕಾನೂನು ಏನನ್ನುತ್ತದೆ?

2009ರ ಶಿಕ್ಷಣ ಹಕ್ಕು ಕಾಯ್ದೆಯು ಅನುದಾನರಹಿತ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗಗಳ ಮಕ್ಕಳಿಗೆ ಮೀಸಲಿಟ್ಟಿದೆ. ಆದರೆ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಈ ಮೀಸಲು ಅನ್ವಯಿಸದಂತೆ ರಾಜ್ಯವು 2019-20ನೇ ಸಾಲಿನಿಂದ ನಿಯಮ ಬದಲಿಸಿತು. ಹೀಗಾಗಿ ಬಡ ಕುಟುಂಬಕ್ಕೆ ಖಾಸಗಿ ಶಾಲೆಯ ಬಾಗಿಲು ಇನ್ನಷ್ಟು ಕಿರಿದಾಯಿತು. ಶುಲ್ಕವಿಲ್ಲದ ಶಾಲೆಯ ಮಹತ್ವ ಇರುವುದು ಇಲ್ಲಿಯೇ.

ಇನ್ನೊಂದು ಅಂಶವೂ ಗಮನಾರ್ಹ. ಸರ್ಕಾರಿ ಶಾಲೆಗಳಲ್ಲಿ ಪಾಲಕರನ್ನೊಳಗೊಂಡ ಎಸ್‌ಡಿಎಂಸಿ ಇರುತ್ತದೆ. ಶಾಲಾ ನಿರ್ವಹಣಾ ಸಮಿತಿ ರಚಿಸಬೇಕೆಂಬ ಕಾಯ್ದೆಯ 21ನೇ ಕಲಂ ಅನುದಾನರಹಿತ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಆದುದರಿಂದ ಅಲ್ಲಿ ಸಮುದಾಯದ ಸಹಭಾಗಿತ್ವವು ಆಡಳಿತ ಮಂಡಳಿಯ ಇಚ್ಛೆಯನ್ನೇ ಅವಲಂಬಿಸಿದೆ.

ಸಂಜೆಯ ಮನೆ

ವಸತಿ ಶಾಲೆಗೂ ಹಗಲು ಶಾಲೆಗೂ ಇರುವ ವ್ಯತ್ಯಾಸ ಈ ಜಿಲ್ಲೆಯಲ್ಲಿ ಬಹು ದೊಡ್ಡದು. ಹಗಲು ಶಾಲೆಯ ಮಗು ಸಂಜೆ ಮನೆಗೆ ಮರಳಬೇಕು. ಮನೆಯೇ ಬೆಂಗಳೂರು, ಮುಂಬೈಗಳಿಗೆ ಗುಳೆ ಹೊರಟರೆ ಶುಲ್ಕವಿಲ್ಲದ ಶಾಲೆಯೂ ಮಗುವಿಗೆ ಎಟುಕದು. ಹತ್ತಿ ಬಿಡಿಸುವ ಕಾಲದಲ್ಲಿ ಹಾಜರಿ ಕುಸಿಯುವುದು ಈ ಭಾಗದ ಶಿಕ್ಷಕರಿಗೆ ಪರಿಚಿತ ಸಂಗತಿ. ಬಹಳ ದಿನ ಗೈರಾಗಿ ಮರಳಿದ ಮಗು ಹಿಂದುಳಿಯುತ್ತದೆ; ನಾಚಿ ಶಾಲೆಯನ್ನೇ ಬಿಡುತ್ತದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿದ ಮಗುವಿಗೆ ವಿಶೇಷ ತರಬೇತಿ ನೀಡಬೇಕೆಂದು ಕಾಯ್ದೆಯ 4ನೇ ಕಲಂ ಹೇಳಿರುವುದು ಇಂತಹ ಮಕ್ಕಳಿಗಾಗಿಯೇ.

ಆದ್ದರಿಂದ ಈ ಭಾಗದಲ್ಲಿ ಶಾಲೆ ಆರಂಭಿಸುವವರು ಕಟ್ಟಡಕ್ಕಿಂತ ಮೊದಲು ಕುಟುಂಬದ ದುಡಿಮೆಯ ಪಂಚಾಂಗವನ್ನು ಅರಿಯಬೇಕು. ತಂದೆ-ತಾಯಿ ಗುಳೆ ಹೋದಾಗ ಮಗುವನ್ನು ಅಜ್ಜ-ಅಜ್ಜಿಯರ ಬಳಿ ಉಳಿಸುವಂತೆ ಮನವೊಲಿಸುವುದು, ಮರಳಿದ ಮಗುವನ್ನು ಮತ್ತೆ ತರಗತಿಗೆ ಕೂಡಿಸಿಕೊಳ್ಳುವುದು ಪಾಠದಷ್ಟೇ ಮುಖ್ಯ. ಸರ್ಕಾರಿ ಶಾಲೆಯಿರಲಿ, ಖಾಸಗಿ ಶಾಲೆಯಿರಲಿ, ಅದರ ಯಶಸ್ಸನ್ನು ಅಳೆಯಬೇಕಾದುದು ಜೂನ್ ತಿಂಗಳ ದಾಖಲಾತಿಯಿಂದಲ್ಲ, ಹತ್ತಿ ಬಿಡಿಸುವ ದಿನಗಳ ಹಾಜರಿಯಿಂದ.