ತೆಕ್ಕೆ ಬಿದ್ದ ಹಾವುಗಳು: ಕೂಟವೋ, ಕಾಳಗವೋ?

ಯುಗಾದಿ ಕಳೆದು ಮುಂಗಾರು ಆರಂಭವಾಗುವವರೆಗಿನ ದಿನಗಳಲ್ಲಿ ಸಿಂಧನೂರಿನ ಭತ್ತದ ಗದ್ದೆಯ ಬದುಗಳಲ್ಲಿ, ಲಿಂಗಸುಗೂರಿನ ಎರೆ ಹೊಲಗಳಲ್ಲಿ, ಮಸ್ಕಿಯ ಗುಡ್ಡದ ಅಂಚಿನಲ್ಲಿ ಎರಡು ಹಾವುಗಳು ತೆಕ್ಕೆ ಬಿದ್ದಿರುವುದನ್ನು ರೈತರು ಕಾಣುವುದುಂಟು. ಕೆಲವರು ಕೈ ಮುಗಿದು ಅವುಗಳ ಮೇಲೆ ಬಟ್ಟೆ ಹಾಕಲು ಹೋಗುತ್ತಾರೆ. ಕೆಲವರು ಬಡಿಗೆ ಎತ್ತುತ್ತಾರೆ. ಎರಡೂ ತಪ್ಪು.

ಕಾಣುವುದೇನು?

ನಾಗರಕಲ್ಲುಗಳಲ್ಲಿ ಕೆತ್ತಿರುವಂತೆ ಹೆಣೆದುಕೊಂಡ ಜೋಡಿಯನ್ನು ಗಂಡು-ಹೆಣ್ಣು ಎಂದೇ ಜನರು ಭಾವಿಸುತ್ತಾರೆ. ಆದರೆ ಮೈಯ ಮುಂಭಾಗವನ್ನು ಮೇಲೆತ್ತಿ, ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ಯತ್ನಿಸುತ್ತಿದ್ದರೆ ಅವು ಸಾಮಾನ್ಯವಾಗಿ ಎರಡು ಗಂಡುಗಳು. ಹೆಣ್ಣಿಗಾಗಿ ನಡೆಯುವ ಈ ಕುಸ್ತಿಯಲ್ಲಿ ಸೋತದ್ದು ಜಾಗ ಬಿಟ್ಟು ಹೋಗುತ್ತದೆ. ನಿಜವಾದ ಕೂಟದಲ್ಲಿ ಹಾವುಗಳು ನೆಲಕ್ಕೆ ಒರಗಿ ಒಂದರ ಪಕ್ಕ ಒಂದಿದ್ದು, ಬಾಲದ ಭಾಗದಲ್ಲಿ ಮಾತ್ರ ಹೆಣೆದುಕೊಂಡಿರುತ್ತವೆ.

ಕೇರೆ ಗಂಡು, ನಾಗರ ಹೆಣ್ಣು ಎಂಬ ಮಾತೂ ನಮ್ಮಲ್ಲಿದೆ. ಇದು ನಿಜವಲ್ಲ. ಇವು ಬೇರೆ ಬೇರೆ ಕುಟುಂಬಕ್ಕೆ ಸೇರಿದ ಹಾವುಗಳು. ಎರಡರಲ್ಲಿಯೂ ಗಂಡು, ಹೆಣ್ಣು ಪ್ರತ್ಯೇಕವಾಗಿಯೇ ಇವೆ.

ರೈತನಿಗೆ ಏನು ಸಂಬಂಧ?

ಹೊಲದಲ್ಲಿ ಹೀಗೆ ಕಾಣುವುದು ಹೆಚ್ಚಾಗಿ ವಿಷವಿಲ್ಲದ ಕೇರೆಗಳು. ಇಲಿಯ ಬಿಲದೊಳಕ್ಕೇ ನುಗ್ಗಿ ಮರಿಗಳನ್ನೂ ತಿನ್ನುವ ಈ ಹಾವು ಕೂಲಿ ಕೇಳದ ಕಾವಲುಗಾರ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದಲ್ಲಿ ಇಲಿಗಳು ತೆಂಡೆಗಳನ್ನು ಕತ್ತರಿಸಿ, ತೆನೆಯನ್ನು ಬಿಲಕ್ಕೆ ಸಾಗಿಸಿ ಮಾಡುವ ಹಾನಿ ರೈತರಿಗೆ ತಿಳಿದದ್ದೇ. ತೆಕ್ಕೆಯಲ್ಲಿರುವ ಹಾವಿಗೆ ಸುತ್ತಲಿನ ಪರಿವೆ ಕಡಿಮೆ. ಆಗ ಕೊಲ್ಲುವುದು ಸುಲಭ. ಆದರೆ ಆಗ ಕೊಂದರೆ ಮುಂದೆ ಹುಟ್ಟಬೇಕಾದ ಮರಿಗಳೂ ಇಲ್ಲವಾಗುತ್ತವೆ. ಕೇರೆಯ ಮೊಟ್ಟೆಗಳು ಒಡೆಯಲು ಸುಮಾರು ಎರಡು ತಿಂಗಳು ಬೇಕು.

ಅನುಸರಿಸಬೇಕಾದ ಕ್ರಮಗಳು

1. ಕನಿಷ್ಠ 20 ಅಡಿ ದೂರದಲ್ಲಿ ನಿಂತು ನೋಡಿರಿ. ನಾಗರ, ಕೊಳಕುಮಂಡಲದ ಗಂಡುಗಳೂ ಹೀಗೆಯೇ ಕಾದಾಡುತ್ತವೆ.

2. ಬಟ್ಟೆ ಹಾಕುವುದು, ಕಲ್ಲು ಎಸೆಯುವುದು ಬೇಡ. ಮಕ್ಕಳನ್ನೂ ನಾಯಿಗಳನ್ನೂ ದೂರವಿಡಿರಿ. ಕಾಳಗ ಮುಗಿದ ಮೇಲೆ ಅವು ತಾವಾಗಿಯೇ ಹೋಗುತ್ತವೆ.

3. ಈ ಹಾವುಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

4. ಯಾವುದೇ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಮಾಡಬೇಡಿರಿ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ಕೂಡಲೇ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವಿನ ವಿಷಕ್ಕೆ ಮದ್ದು ಪ್ರತಿವಿಷದ ಚುಚ್ಚುಮದ್ದು ಒಂದೇ.

ಬದುವಿನ ಮೇಲೆ ಕೇರೆಗಳ ಕಾಳಗ ಕಂಡರೆ, ನಿಮ್ಮ ಹೊಲದ ಇಲಿ ಕಾಯುವವರು ಇನ್ನೂ ಉಳಿದಿದ್ದಾರೆಂದು ತಿಳಿಯಿರಿ. ಅವುಗಳ ಪಾಡಿಗೆ ಅವುಗಳನ್ನು ಬಿಡಿರಿ.